ಖಾಲಿ ತೋಟಾ ಮತ್ತೆ ಅಳತೆಗೆ ಬರೋದು ಹೇಗೆ?

ಶುರು ಮಾಡೋಕೆ ಮುಂಚೆ ಒಂದು ಸೌಂಡ್ ಕೇಳಿಸ್ತೀನಿ. (ಟಿಣ್ ಎಂಬ ಸದ್ದು.) ಟ್ರಾನ್ಸ್‌ಕ್ರಿಪ್ಟ್ ಓದ್ತಿರೋರಿಗೆ ಹೇಳಿಬಿಡ್ತೀನಿ, ಅದು ಒಂದು ಹಿತ್ತಾಳೆ ತುಂಡು ಮರದ ಟೇಬಲ್ ಮೇಲೆ ಬಿದ್ದ ಸದ್ದು. ಹೆಬ್ಬೆರಳಿನ ಉಗುರಿನಷ್ಟೇ ಇರೋ ತುಂಡು. ರೈಫಲ್ ತೋಟಾದ ಬುಡ. ಮೇಲಿನ ಭಾಗ ಇಲ್ಲ, ಉಂಗುರದ ಹಾಗೆ ಸುತ್ತ ಕತ್ತರಿಸಿಕೊಂಡು ಹೋಗಿದೆ.

ಇದು ನಮ್ಮ ದೊಡ್ಡಪ್ಪನ ಮಗನ ಗ್ಯಾರೇಜಲ್ಲಿ ಸಿಕ್ಕಿದ್ದು. ಅಣ್ಣ ಟೆಕ್ಸಾಸ್‌ನಲ್ಲಿ ಡಲ್ಲಾಸ್ ಹತ್ತಿರ ಇದ್ದಾನೆ, ಹಾಸನದ ಹುಡುಗ, ಈಗ ಅಲ್ಲಿನ ಸಿಟಿಜನ್. ಡಿಸೆಂಬರ್‌ನಲ್ಲಿ ಅವನ ಮನೆಗೆ ಹೋಗಿದ್ದೆ. ಗ್ಯಾರೇಜಿನ ಒಂದು ಮೂಲೆಯಲ್ಲಿ ಕಾರಿಗೂ ಜಾಗ ಬಿಡದ ಹಾಗೆ ಒಂದು ಬೆಂಚು, ಅದರ ಮೇಲೆ ಕಬ್ಬಿನ ಗಾಣದ ಮರಿ ತರಹ ಕಾಣೋ ಒಂದು ಕಬ್ಬಿಣದ ಪ್ರೆಸ್. ಪಕ್ಕದಲ್ಲಿ ಹಾರ್ಲಿಕ್ಸ್ ಬಾಟಲಿ. ಅದರೊಳಗೆ ಈ ತುಂಡು. "ಇದನ್ನ ಯಾಕೆ ಇಟ್ಕೊಂಡಿದ್ದೀಯ ಅಣ್ಣ?" ಅಂದೆ. "ನನ್ನ ದಡ್ಡತನಕ್ಕೆ ರಸೀದಿ ಕಣೇ ಅದು" ಅಂದ.

ಸದ್ದು ಮಾತ್ರ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದೆ. ತುಂಡು ತರಲಿಲ್ಲ. ಖಾಲಿ ತೋಟಾ ಆದ್ರೂ ಏರ್‌ಪೋರ್ಟಲ್ಲಿ ನಿಂತು "ಪಾಡ್‌ಕಾಸ್ಟ್‌ಗೆ ಸರ್" ಅಂತ ವಿವರಿಸೋ ಧೈರ್ಯ ನನಗಿಲ್ಲ.

ಆ ತುಂಡು ಯಾಕೆ ತುಂಡಾಯ್ತು ಅನ್ನೋದೇ ಇವತ್ತಿನ ವಿಷಯ. ಮೊದಲೇ ಒಂದು ಮಾತು: ಅಮೆರಿಕದಲ್ಲಿ ತನ್ನ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರೋದಾದ್ರೆ ಬೇಕು. ನಮ್ಮಲ್ಲಿ ಹಾಗಲ್ಲ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಮದ್ದು ಎಷ್ಟು, ಹೇಗೆ ಅನ್ನೋದಕ್ಕೆಲ್ಲ ನಾನು ಹೋಗಲ್ಲ. ನನಗೆ ಕುತೂಹಲ ಇರೋದು ಹಿತ್ತಾಳೆ ಬಗ್ಗೆ.

ಬಿಜಿಎಂಐ ಆಡಿದವರಿಗೆ 7.62 ಅನ್ನೋ ನಂಬರ್ ಗೊತ್ತು. ಗೇಮ್‌ನಲ್ಲಿ ಗುಂಡು ಹಾರಿಸ್ತೀವಿ, ಖಾಲಿ ಕೇಸ್ ಪಕ್ಕಕ್ಕೆ ಚಿಮ್ಮುತ್ತೆ, ಮುಂದೆ ಓಡ್ತೀವಿ. ಯಾರೂ ಬಗ್ಗಿ ಅದನ್ನ ಎತ್ತಿಕೊಳ್ಳಲ್ಲ. ನಿಜವಾದ ಶೂಟಿಂಗ್ ರೇಂಜಲ್ಲಿ ಬಗ್ತಾರೆ. ಅಣ್ಣ ಅಂತೂ ನೆಲಗಡಲೆ ಆರಿಸೋ ಹಾಗೆ ಒಂದೊಂದೇ ಎತ್ತಿ ಡಬ್ಬಿಗೆ ಹಾಕ್ಕೋತಾನೆ. ಕಾರಣ ಸಿಂಪಲ್. ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸ್, ಬುಡದಲ್ಲಿ ಕಿಡಿ ಹೊತ್ತಿಸೋ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಟ್ರಿಗರ್ ಒತ್ತಿದ ಮೇಲೆ ಮೂರು ಖರ್ಚಾಗುತ್ತೆ. ಉಳಿಯೋದು ಕೇಸ್ ಒಂದೇ, ಸಾಮಾನ್ಯವಾಗಿ ನಾಲ್ಕರಲ್ಲಿ ದುಬಾರಿ ಅದೇ. ನಾನು ಬಿ.ಕಾಂ ಓದಿದವಳು, ನನ್ನ ತಲೆಗೆ ತಕ್ಷಣ ಹೊಳೆದಿದ್ದು ಇಷ್ಟೇ: ಮೂರು ಕನ್ಸ್ಯೂಮಬಲ್, ಒಂದು ಫಿಕ್ಸೆಡ್ ಅಸೆಟ್. ಅಸೆಟ್ ಅಂದ ಮೇಲೆ ಡಿಪ್ರಿಸಿಯೇಶನ್ ಇದ್ದೇ ಇರುತ್ತೆ. "ಒಂದು ಕೇಸ್‌ನ ಎಷ್ಟು ಸಲ ಬಳಸಬಹುದು?" ಅಂತ ಕೇಳಿದೆ. ನಾಲ್ಕು ಸಲ, ಐದು ಸಲ ಅಂತ ಒಂದು ಉತ್ತರ ಬರುತ್ತೆ ಅಂದ್ಕೊಂಡಿದ್ದೆ. ಅವನು ಆ ಬಾಟಲಿ ತೋರಿಸಿದ. "ಎಷ್ಟು ಸಲ ಹಾರಿಸ್ತೀಯ ಅನ್ನೋದಕ್ಕಿಂತ, ಪ್ರತಿ ಸಲ ಎಷ್ಟು ಎಳೆದಾಡ್ತೀಯ ಅನ್ನೋದು ಮುಖ್ಯ."

ಎಳೆದಾಟ ಎಲ್ಲಿಂದ ಬಂತು ಅಂತ ಹೇಳ್ತೀನಿ.

ಅಣ್ಣನ ರೈಫಲ್ .308 ವಿಂಚೆಸ್ಟರ್ ಅನ್ನೋ ತೋಟಾ ಬಳಸುತ್ತೆ. 1952ರಲ್ಲಿ ಮಾರ್ಕೆಟ್‌ಗೆ ಬಂದಿದ್ದು, ನ್ಯಾಟೋ ಸೈನ್ಯಗಳ 7.62 × 51ರ ಅಣ್ಣನೋ ತಮ್ಮನೋ ಅನ್ನಬಹುದು. (ತಮಾಷೆ ಏನಂದ್ರೆ 7.62 ಅನ್ನೋದು ಬ್ಯಾರೆಲ್ ರಂಧ್ರದ ಅಳತೆ, ಗುಂಡಿನ ವ್ಯಾಸ 7.82 ಮಿಲಿಮೀಟರ್. ಗುಂಡು ರಂಧ್ರಕ್ಕಿಂತ ದಪ್ಪ. ಒಳಗಿನ ಸುರುಳಿ ಗೆರೆಗಳು ಅದನ್ನ ಕಚ್ಚಿ ತಿರುಗಿಸಲಿ ಅಂತ.) ಕೇಸ್ ನೋಡೋಕೆ ಉದ್ದನೆಯ ಬಾಟಲಿ ತರಹ. ಕೆಳಗೆ ಗಟ್ಟಿ ಬುಡ, ಅದರ ಮೇಲೆ ಮೈ, ಮೇಲೆ ಹೋದ ಹಾಗೆ ಇಳಿಜಾರಾದ ಭುಜ, ಆಮೇಲೆ ಗುಂಡನ್ನ ಹಿಡ್ಕೊಳ್ಳೋ ಕತ್ತು. ಬುಡದ ಹತ್ತಿರ ಹಿತ್ತಾಳೆ ದಪ್ಪ, ಕತ್ತಿನ ಕಡೆ ತೆಳು.

ಇದು ರೈಫಲ್‌ನೊಳಗೆ ಕೂರೋ ಗೂಡಿಗೆ ಚೇಂಬರ್ ಅಂತಾರೆ. ಗೂಡು ತೋಟಾಕ್ಕಿಂತ ಸ್ವಲ್ಪ ದೊಡ್ಡದಿರಲೇಬೇಕು, ಇಲ್ಲ ಅಂದ್ರೆ ಒಳಗೆ ಹೋಗಲ್ಲ. ಹಾರಿಸಿದಾಗ ಒಳಗಿನ ಒತ್ತಡ ಈ ತೋಟಾದಲ್ಲಿ ಗರಿಷ್ಠ 62,000 ಪಿಎಸ್‌ಐವರೆಗೆ ಹೋಗಬಹುದು. ನಿಮ್ಮ ಕಾರಿನ ಟೈರ್‌ಗೆ ಪೆಟ್ರೋಲ್ ಬಂಕಲ್ಲಿ 32 ಹಾಕಿಸ್ತೀರಲ್ಲ, ಅದರ ಸುಮಾರು 1,900 ಪಟ್ಟು. ಆ ಕ್ಷಣಕ್ಕೆ ಹಿತ್ತಾಳೆ ಬಲೂನಿನ ಹಾಗೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತೆ. ಅಂಟಿಕೊಳ್ಳೋದೇ ಅದರ ಕೆಲಸ. ಬಿಸಿ ಗ್ಯಾಸ್ ಹಿಂದಕ್ಕೆ, ಅಂದ್ರೆ ಹಾರಿಸೋರ ಮುಖದ ಕಡೆಗೆ ಬರದ ಹಾಗೆ ಸೀಲ್ ಮಾಡೋದು ಇದೇ. ಒತ್ತಡ ಇಳಿದ ಮೇಲೆ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಕುಗ್ಗುತ್ತೆ, ಅದಕ್ಕೇ ಖಾಲಿ ಕೇಸ್‌ನ ಹೊರಗೆಳೆಯೋಕೆ ಆಗುತ್ತೆ. ಆದ್ರೆ ಪೂರ್ತಿ ಮೊದಲಿನ ಅಳತೆಗೆ ಬರಲ್ಲ. ಕತ್ತು ಅಗಲ ಆಗಿರುತ್ತೆ, ಹೊಸ ಗುಂಡು ಇಟ್ರೆ ಸಡಿಲ. ಮೈ ದಪ್ಪ ಆಗಿರುತ್ತೆ. ಭುಜ ಮುಂದಕ್ಕೆ ಹೋಗಿರುತ್ತೆ.

ಇದನ್ನ ಮತ್ತೆ ಅಳತೆಗೆ ತರೋದಕ್ಕೇ ರೀಸೈಜಿಂಗ್ ಅಂತಾರೆ. ಉಪಕರಣದ ಹೆಸರು ಡೈ. ಗಟ್ಟಿ ಉಕ್ಕಿನ ಒಂದು ಕೊಳವೆ, ಒಳಗೆ ತೋಟಾದ ಆಕಾರದಲ್ಲೇ ಕೊರೆದಿರ್ತಾರೆ. ಅದು ಪ್ರೆಸ್‌ನ ಮೇಲ್ಭಾಗಕ್ಕೆ ಸ್ಕ್ರೂ ತರಹ ತಿರುಗಿಸಿ ಕೂತಿರುತ್ತೆ. ಕೇಸ್‌ನ ಬುಡವನ್ನ ಕೆಳಗೆ ಶೆಲ್ ಹೋಲ್ಡರ್ ಅನ್ನೋ ಹಿಡಿಕೆ ಹಿಡ್ಕೊಂಡಿರುತ್ತೆ. ಲಿವರ್ ಒತ್ತಿದ್ರೆ ಕೇಸ್ ಮೇಲಕ್ಕೆ, ಡೈ ಒಳಗೆ. ಡೈ ಸುತ್ತಲೂ ಹಿಂಡುತ್ತೆ. ನಡುವಿನ ಸೂಜಿ ಹಳೇ ಪ್ರೈಮರ್‌ನ ಕೆಳಗೆ ದೂಡುತ್ತೆ, ಟಪ್ ಅಂತ ಬೀಳುತ್ತೆ. ಲಿವರ್ ಹಿಂದಕ್ಕೆ ತಂದಾಗ ಒಂದು ಚಿಕ್ಕ ಉಕ್ಕಿನ ಗುಂಡಿ ಕತ್ತಿನೊಳಗಿಂದ ಹಾದು ಬಂದು, ಜಾಸ್ತಿ ಹಿಂಡಿಸಿಕೊಂಡ ಕತ್ತನ್ನ ಸರಿಯಾಗಿ ಬೇಕಾದಷ್ಟೇ ಅಗಲ ಮಾಡುತ್ತೆ. ಗುಂಡಿನ ವ್ಯಾಸಕ್ಕಿಂತ ಒಂದು ಕೂದಲಷ್ಟು ಕಮ್ಮಿ. ಹಿಡಿತ ಬಿಗಿಯಾಗಿರಬೇಕಲ್ವಾ.

ಮೊದಲ ಸಲ ನಾನೇ ಲಿವರ್ ಒತ್ತಿದೆ. ಬೆಣ್ಣೆಗೆ ಚಾಕು ಹಾಕಿದ ಹಾಗೆ ಹೋಯ್ತು. "ಲ್ಯಾನೊಲಿನ್ ಮಹಿಮೆ" ಅಂದ ಅಣ್ಣ. ಕುರಿ ಉಣ್ಣೆಯಿಂದ ತೆಗೆಯೋ ಜಿಡ್ಡು ಅದು, ಆಲ್ಕೋಹಾಲ್‌ನಲ್ಲಿ ಕರಗಿಸಿ ಕೇಸ್ ಮೇಲೆ ಸ್ಪ್ರೇ ಮಾಡ್ತಾರೆ. ಇದನ್ನ ಮರೆತ್ರೆ ಕೇಸ್ ಡೈ ಒಳಗೇ ಕಚ್ಚಿಕೊಳ್ಳುತ್ತೆ. ಜೋರಾಗಿ ಎಳೆದ್ರೆ ಬುಡದ ಅಂಚು ಕಿತ್ತು ಬರುತ್ತೆ, ಕೇಸ್ ಒಳಗೇ ಇರುತ್ತೆ. ಆಮೇಲೆ ಬುಡಕ್ಕೆ ಡ್ರಿಲ್ ಹಾಕಿ, ಥ್ರೆಡ್ ಮಾಡಿ, ಸ್ಕ್ರೂ ಹಾಕಿ ಎಳೀಬೇಕು. ಭಾನುವಾರ ಪೂರ್ತಿ ಹೋಗುತ್ತೆ. ಹಾಗಂತ ಜಿಡ್ಡು ಸುರಿದ್ರೂ ಕಷ್ಟ. ಜಿಡ್ಡಿಗೆ ಹೋಗೋಕೆ ಜಾಗ ಸಿಗದೆ ಭುಜದ ಮೇಲೆ ತಗ್ಗು ಬೀಳುತ್ತೆ, ಇಡ್ಲಿ ಮೇಲೆ ಬೆರಳಿಟ್ಟ ಹಾಗೆ.

ಈಗ ಆ ತುಂಡಾದ ಬುಡಕ್ಕೆ ಬರೋಣ.

ಡೈ ಕೂರಿಸೋದು ಹೇಗೆ ಅಂತ ಸಾಮಾನ್ಯವಾಗಿ ಕೊಡೋ ಸೂಚನೆ ಒಂದಿದೆ. ಡೈ ಅನ್ನ ಶೆಲ್ ಹೋಲ್ಡರ್‌ಗೆ ತಾಗೋವರೆಗೆ ತಿರುಗಿಸಿ, ಆಮೇಲೆ ಇನ್ನೂ ಕಾಲು ಸುತ್ತು. ಪ್ರೆಸ್ ಒತ್ತಡದಲ್ಲಿ ಸ್ವಲ್ಪ ಬಾಗುತ್ತಲ್ಲ, ಅದಕ್ಕೆ ಈ ಕಾಲು ಸುತ್ತು. ಸೂಚನೆ ತಪ್ಪು ಅಂತಲ್ಲ. ಹೀಗೆ ಮಾಡಿದ್ರೆ ತಯಾರಾದ ತೋಟಾ ಆ ಅಳತೆಯ ಯಾವ ರೈಫಲ್‌ಗೂ ಹೋಗುತ್ತೆ. ಪ್ರಶ್ನೆ ಏನಂದ್ರೆ, ಅಣ್ಣನಿಗೆ ಯಾವುದೋ ರೈಫಲ್‌ಗೆ ಬೇಕಿರಲಿಲ್ಲ, ಅವನದಕ್ಕೆ ಬೇಕಿತ್ತು. ಅವನ ಚೇಂಬರ್ ಸ್ವಲ್ಪ ಉದಾರವಾಗಿ ಕೊರೆದಿದ್ದು. ಹಾರಿಸಿದಾಗ ಕೇಸ್‌ನ ಭುಜ ಮುಂದಕ್ಕೆ ಹೋಗಿ ಅಲ್ಲಿ ಕೂರುತ್ತೆ. ಇವನು ಪ್ರತಿ ಸಲ ಡೈಯಲ್ಲಿ ಅದನ್ನ ಸುಮಾರು 0.2 ಮಿಲಿಮೀಟರ್ ಹಿಂದಕ್ಕೆ ತಳ್ತಿದ್ದ. ಇನ್ನೊಂದು ಸಲ ಹಾರಿಸಿದಾಗ ಮತ್ತೆ ಮುಂದಕ್ಕೆ. ಮತ್ತೆ ಡೈ, ಮತ್ತೆ ಹಿಂದಕ್ಕೆ.

0.2 ಮಿಲಿಮೀಟರ್ ಏನು ಮಹಾ ಅನ್ಸುತ್ತೆ. ನನಗೂ ಅನಿಸ್ತು. ಆದ್ರೆ ಆ ಜಾಗದಲ್ಲಿ ಏನಾಗುತ್ತೆ ನೋಡಿ. ಭುಜ ಹಿಂದೆ ಇರೋದ್ರಿಂದ ತೋಟಾ ಚೇಂಬರಿನಲ್ಲಿ ಉದ್ದಕ್ಕೆ ಸಡಿಲ. ಫೈರಿಂಗ್ ಪಿನ್ ಹೊಡೆದಾಗ ಇಡೀ ತೋಟಾ ಮುಂದಕ್ಕೆ ಜರುಗುತ್ತೆ, ಬುಡದ ಹಿಂದೆ ಸಣ್ಣ ಸಂದು ಬೀಳುತ್ತೆ. ಒತ್ತಡ ಏರಿದ ಕೂಡಲೇ ಮೇಲಿನ ತೆಳು ಗೋಡೆ ಚೇಂಬರಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ, ಅಲ್ಲಾಡಲ್ಲ. ಬುಡ ಮಾತ್ರ ದಪ್ಪ, ಅದು ಕಚ್ಚಿಕೊಳ್ಳಲ್ಲ. ಒತ್ತಡ ಅದನ್ನ ಹಿಂದಿನ ಬೋಲ್ಟ್‌ಗೆ ತಾಗೋವರೆಗೆ ದೂಡುತ್ತೆ. ಮೇಲಿನ ಅರ್ಧ ನಿಂತಿದೆ, ಕೆಳಗಿನದು ಹಿಂದಕ್ಕೆ ಹೋಗ್ತಿದೆ. ಎಳೆತ ಎಲ್ಲಿ ಬೀಳುತ್ತೆ? ದಪ್ಪ ಬುಡ ಮುಗಿದು ತೆಳು ಗೋಡೆ ಶುರುವಾಗೋ ಕಡೆ, ಸರಿಯಾಗಿ ಒಂದು ಉಂಗುರದಷ್ಟು ಜಾಗದಲ್ಲಿ. ಪ್ರತಿ ಸಲ ಅಲ್ಲಿನ ಹಿತ್ತಾಳೆ ತೆಳುವಾಗ್ತಾ ಹೋಗುತ್ತೆ. ಅಣ್ಣನ ಕೇಸ್ ಐದನೇ ಸಲಕ್ಕೆ ಅಲ್ಲೇ ಕಿತ್ತುಹೋಯ್ತು.

"ಸೌಂಡ್ ಬೇರೆ ತರಹ ಇತ್ತು ಕಣೇ. ಮುಖಕ್ಕೆ ಯಾರೋ ಬಿಸಿ ಉಸಿರು ಬಿಟ್ಟ ಹಾಗಾಯ್ತು." ಅವನು ಸೇಫ್ಟಿ ಕನ್ನಡಕ ಹಾಕಿದ್ದ. ರೈಫಲ್‌ನ ಪಕ್ಕದಲ್ಲಿ ಗ್ಯಾಸ್ ಹೊರಹೋಗೋಕೆ ತೂತುಗಳಿರ್ತಾವೆ, ಅವೂ ಕೆಲಸ ಮಾಡಿದ್ವು. ಬೋಲ್ಟ್ ಎಳೆದಾಗ ಬುಡ ಮಾತ್ರ ಬಂತು, ಉಳಿದ ಕೊಳವೆ ಚೇಂಬರಿನಲ್ಲೇ ಇತ್ತು. ಅತ್ತಿಗೆ ಆ ಕಥೆ ಪೂರ್ತಿ ಕೇಳಿದ್ದು ನಾನು ಅಲ್ಲಿ ಹೋದಾಗಲೇ. ಊಟದ ಟೇಬಲ್ ಸ್ವಲ್ಪ ಹೊತ್ತು ಸೈಲೆಂಟ್ ಆಗಿತ್ತು.

ಅವತ್ತಿನಿಂದ ಅವನು ಅಳೆಯೋಕೆ ಶುರು ಮಾಡಿದ. ವರ್ನಿಯರ್ ಕ್ಯಾಲಿಪರ್‌ಗೆ ಸಿಕ್ಕಿಸೋ ಒಂದು ಚಿಕ್ಕ ಅಚ್ಚು ಸಿಗುತ್ತೆ, ಅದು ಭುಜದ ಇಳಿಜಾರಿನ ಮಧ್ಯಕ್ಕೆ ಕೂರುತ್ತೆ. ಬುಡದಿಂದ ಅಲ್ಲಿಗೆ ಎಷ್ಟು ಅಂತ ಹಾರಿಸಿದ ಕೇಸ್‌ನಲ್ಲಿ ಒಮ್ಮೆ ಅಳೀತಾನೆ, ಡೈಯಿಂದ ಬಂದ ಮೇಲೆ ಇನ್ನೊಮ್ಮೆ. ಎರಡರ ವ್ಯತ್ಯಾಸ ಒಂದು ಇಂಚಿನ ಸಾವಿರದಲ್ಲಿ ಎರಡು ಪಾಲು ಇದ್ರೆ ಸಾಕು. ಅಂದ್ರೆ 0.05 ಮಿಲಿಮೀಟರ್, ನಮ್ಮ ತಲೆಕೂದಲಿಗಿಂತ ಸಣ್ಣದು. ಅಷ್ಟು ಬಿಟ್ರೆ ತೋಟಾ ಸಲೀಸಾಗಿ ಒಳಗೂ ಹೋಗುತ್ತೆ, ಎಳೆತವೂ ಇರಲ್ಲ.

ಇಷ್ಟು ಸಣ್ಣದನ್ನ ಕೈಯಲ್ಲಿ ತಿರುಗಿಸೋ ಸ್ಕ್ರೂನಲ್ಲಿ ಹೇಗೆ ಹೊಂದಿಸ್ತಾರೆ ಅಂತ ನಾನು ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಡೈಗಳ ಥ್ರೆಡ್ ಬಹುತೇಕ ಒಂದೇ ಸ್ಟ್ಯಾಂಡರ್ಡ್, ಇಂಚಿಗೆ 14 ಸುತ್ತು. ಒಂದು ಪೂರ್ತಿ ಸುತ್ತು ಅಂದ್ರೆ 1.81 ಮಿಲಿಮೀಟರ್. 0.05 ಬೇಕಂದ್ರೆ ಸುಮಾರು 10 ಡಿಗ್ರಿ. ಗಡಿಯಾರದ ದೊಡ್ಡ ಮುಳ್ಳು ಎರಡು ನಿಮಿಷದಲ್ಲಿ 12 ಡಿಗ್ರಿ ತಿರುಗುತ್ತೆ, ಅದಕ್ಕಿಂತ ಕಮ್ಮಿ. ಕಾಲು ಸುತ್ತು ಅಂದ್ರೆ 90 ಡಿಗ್ರಿ. ಕಣ್ಣಂದಾಜಿಗೂ ಅಳತೆಗೂ ಇರೋ ದೂರ ಇಷ್ಟು.

ಇದರಲ್ಲಿ ಇನ್ನೊಂದು ಮೋಸ ಇದೆ. ಡೈಯನ್ನ ಮೇಲಿಂದ ಸ್ವಲ್ಪ ಸ್ವಲ್ಪವೇ ಇಳಿಸ್ತಾ ಬರುವಾಗ, ಮೊದಮೊದಲು ಭುಜ ಹಿಂದಕ್ಕೆ ಹೋಗೋ ಬದಲು ಮುಂದಕ್ಕೆ ಹೋಗುತ್ತೆ! ಅಳತೆ ಹೆಚ್ಚಾಗಿರುತ್ತೆ. ಟೂತ್‌ಪೇಸ್ಟ್ ಟ್ಯೂಬಿನ ಮಧ್ಯಕ್ಕೆ ಅದುಮಿದ್ರೆ ಪೇಸ್ಟ್ ಎಲ್ಲಿಗೆ ಹೋಗುತ್ತೆ, ಹಾಗೆ. ಮೈಯನ್ನ ಹಿಂಡ್ತಿದ್ದಾರೆ, ಭುಜಕ್ಕೆ ಡೈ ಇನ್ನೂ ತಾಗಿಲ್ಲ, ಹಿತ್ತಾಳೆ ಮೇಲಕ್ಕೆ ಜಾರುತ್ತೆ. ಹೊಸಬರು ಇಲ್ಲಿ ಗಾಬರಿಯಾಗಿ ಒಂದೇ ಸಲ ಜಾಸ್ತಿ ತಿರುಗಿಸಿಬಿಡ್ತಾರೆ.

"ಹಾಗಾದ್ರೆ ಮೈ ಮುಟ್ಟೋದೇ ಬೇಡ, ಕತ್ತು ಮಾತ್ರ ಸರಿಮಾಡಿದ್ರೆ?" ಅಂತ ಕೇಳಿದೆ. ಅದೂ ಇದೆ, ನೆಕ್ ಸೈಜಿಂಗ್ ಅಂತ. ಕೇಸ್ ಆ ಒಂದೇ ರೈಫಲ್‌ನ ಚೇಂಬರಿಗೆ ಅಚ್ಚೊತ್ತಿದ ಹಾಗೆ ಇರುತ್ತೆ. ಆದ್ರೆ ಕೆಲವು ಸಲದ ನಂತರ ಬೋಲ್ಟ್ ಬಿಗಿಯಾಗುತ್ತೆ, ಆಗ ಪೂರ್ತಿ ಡೈಗೆ ಹಾಕಲೇಬೇಕು. ತಾನಾಗೇ ಲೋಡ್ ಆಗೋ ರೈಫಲ್‌ಗಳಿಗೆ ಇದು ಆಗೋದೇ ಇಲ್ಲ, ಅಲ್ಲಿ ಭುಜಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಜಾಗ ಬಿಡ್ತಾರೆ. ಯಾವುದು ಸರಿ ಅಂತ ಅಣ್ಣನ ಗೆಳೆಯರ ಗುಂಪಿನಲ್ಲಿ ವಾದ ನಡೀತಾನೇ ಇರುತ್ತೆ, ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟು ಅನ್ನೋ ಹಾಗೆ.

ಇಷ್ಟಾದ್ರೂ ಕೇಸ್ ಶಾಶ್ವತ ಅಲ್ಲ. ಒಂದು ಪೇಪರ್ ಕ್ಲಿಪ್ ತಗೊಂಡು ಹಿಂದೆ ಮುಂದೆ ಬಗ್ಗಿಸಿ ನೋಡಿ. ಮೊದಲು ಮೆದು, ಆಮೇಲೆ ಗಟ್ಟಿ, ಆಮೇಲೆ ಪಟ್. ಹಿತ್ತಾಳೆಯೂ ಹಾಗೇ, ಉಬ್ಬಿ ಕುಗ್ಗಿ ಉಬ್ಬಿ ಕುಗ್ಗಿ ಗಟ್ಟಿಯಾಗುತ್ತೆ. ಗಟ್ಟಿಯಾದ ಹಿತ್ತಾಳೆಗೆ ಸ್ಪ್ರಿಂಗ್ ಗುಣ ಜಾಸ್ತಿ. ಅದೇ ಡೈ, ಅದೇ ಸೆಟ್ಟಿಂಗ್, ಆದ್ರೂ ಹಳೇ ಕೇಸ್ ಹೊರಬಂದ ಮೇಲೆ ಜಾಸ್ತಿ ಹಿಗ್ಗುತ್ತೆ, ಅಳತೆ ಬೇರೆ ಬರುತ್ತೆ. ಕೊನೆಗೆ ಕತ್ತಿನಲ್ಲಿ ಬಿರುಕು. ಇದಕ್ಕೆ ಮದ್ದು ನಮ್ಮ ಹಿತ್ತಾಳೆ ಕೆಲಸದವರಿಗೆ ಚೆನ್ನಾಗಿ ಗೊತ್ತು. ಬಡಿದು ಬಡಿದು ತಗಡು ಗಟ್ಟಿಯಾದಾಗ ಅದನ್ನ ಕಾಯಿಸ್ತಾರೆ, ಮತ್ತೆ ಮೆದುವಾಗುತ್ತೆ, ಮತ್ತೆ ಬಡೀತಾರೆ. ಅಣ್ಣನೂ ಗ್ಯಾಸ್ ಟಾರ್ಚ್ ಜ್ವಾಲೆಯಲ್ಲಿ ಕೇಸ್‌ನ ಕತ್ತು ಭುಜ ಮಾತ್ರ ಕೆಲವೇ ಸೆಕೆಂಡ್ ಕಾಯಿಸ್ತಾನೆ. ಬುಡಕ್ಕೆ ಬಿಸಿ ಹೋಗಲೇಬಾರದು. ಒತ್ತಡ ತಡೆಯೋ ಬುಡ ಮೆದುವಾಯ್ತು ಅಂದ್ರೆ ಆ ಕೇಸ್ ಗುಜರಿಗೆ.

ಇಲ್ಲಿ ನನಗೆ ತುಂಬಾ ಇಷ್ಟ ಆದ ಕಥೆ ಒಂದಿದೆ, ಅದು ನಡೆದದ್ದು ನಮ್ಮ ದೇಶದಲ್ಲೇ. ತೋಟಾ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಸೈನ್ಯದವರು ಒಂದು ವಿಚಿತ್ರ ನೋಡಿದ್ರು. ಮಳೆಗಾಲದಲ್ಲಿ, ಇಟ್ಟಲ್ಲೇ ಇದ್ದ ತೋಟಾಗಳ ಕೇಸ್ ತಾವಾಗೇ ಸೀಳ್ತಾ ಇದ್ವು. ಯಾರೂ ಹಾರಿಸಿಲ್ಲ, ಬೀಳಿಸಿಲ್ಲ. ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು ಬಂತು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ. ಮಳೆಗಾಲದಲ್ಲಿ ಮದ್ದುಗುಂಡನ್ನ ಒಣ ಜಾಗ ಅಂತ ಕುದುರೆ ಲಾಯಗಳಲ್ಲಿ ಇಡ್ತಿದ್ರು. ಲಾಯದಲ್ಲಿ ಕುದುರೆ ಗಂಜಲ, ಗಂಜಲದಿಂದ ಅಮೋನಿಯಾ, ಗಾಳಿಯಲ್ಲಿ ತೇವ. ಕೇಸ್ ಮಾಡುವಾಗ ಎಳೆದು ಹಿಂಡಿದ ಬಿಗಿತ ಹಿತ್ತಾಳೆಯೊಳಗೇ ಉಳಿದಿತ್ತು. ಬಿಗಿತ ಇರೋ ಜಾಗಕ್ಕೆ ಅಮೋನಿಯಾ ನುಗ್ಗಿ ಸೀಳ್ತಿತ್ತು. ಪರಿಹಾರ ಮತ್ತೆ ಅದೇ, ಹದವಾಗಿ ಕಾಯಿಸಿ ಬಿಗಿತ ಬಿಡಿಸೋದು. ಸೈನ್ಯದ ತೋಟಾಗಳ ಕತ್ತಿನ ಹತ್ತಿರ ಕಾಣೋ ನೀಲಿ ಛಾಯೆ ಹೀಗೆ ಕಾಯಿಸಿದ ಗುರುತು. ಅಮೋನಿಯಾ ಇರೋ ಹಿತ್ತಾಳೆ ಪಾಲಿಶ್‌ನಿಂದ ಕೇಸ್ ಉಜ್ಜಬಾರದು ಅಂತ ಇವತ್ತೂ ಹೇಳೋದು ಇದಕ್ಕೇ. ದೇವರ ದೀಪಕ್ಕೆ ಪರವಾಗಿಲ್ಲ, ಅದರೊಳಗೆ 62,000 ಪಿಎಸ್‌ಐ ಇರಲ್ಲ.

ಇನ್ನು ಉದ್ದ. ಹಿತ್ತಾಳೆ ಪ್ರತಿ ಸಲ ಸ್ವಲ್ಪ ಕತ್ತಿನ ಕಡೆ ಹರಿಯುತ್ತೆ, ಕೇಸ್ ಉದ್ದ ಆಗುತ್ತೆ. ಈ ತೋಟಾದಲ್ಲಿ ಗರಿಷ್ಠ 51.18 ಮಿಲಿಮೀಟರ್. ಮೀರಿದ್ರೆ ಬಾಯಿ ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನ ಬಿಗಿಹಿಡಿಯುತ್ತೆ, ಒತ್ತಡ ಅಪಾಯಕ್ಕೆ ಹೋಗುತ್ತೆ. ಡೈಯಿಂದ ಬಂದ ಮೇಲೆ ಅಳೆದು ಕತ್ತರಿಸಬೇಕು. ಮುಂಚೆ ಅಲ್ಲ, ಯಾಕಂದ್ರೆ ಡೈ ಹಿಂಡಿದಾಗಲೇ ಉದ್ದ ಬೆಳೆಯೋದು.

ಹೊರಡೋ ಹಿಂದಿನ ದಿನ ಅಣ್ಣ ನನ್ನ ಕೈಗೆ ಒಂದು ಪೇಪರ್ ಕ್ಲಿಪ್ ಕೊಟ್ಟ. ಬಿಡಿಸಿ ನೇರ ಮಾಡಿ, ತುದಿಯನ್ನ ಚೂಪು ಮಾಡಿ ಒಂಚೂರು ಬಗ್ಗಿಸಿದ್ದ. "ಇದನ್ನ ಕೇಸ್ ಒಳಗೆ ಬುಡದವರೆಗೆ ಇಳಿಸು, ಗೋಡೆಗೆ ಒತ್ತಿ ಮೇಲಕ್ಕೆ ಎಳಿ." ಮೊದಲ ಕೇಸ್, ನುಣ್ಣಗೆ. ಎರಡನೇದು, ಮೂರನೇದು ನುಣ್ಣಗೆ. ನಾಲ್ಕನೇದರಲ್ಲಿ ಬುಡದಿಂದ ಸ್ವಲ್ಪ ಮೇಲೆ ತಂತಿ ಟಕ್ ಅಂತ ಏನಕ್ಕೋ ಸಿಕ್ಕಿಕೊಂಡ್ತು. ಕಣ್ಣಿಗೆ ಹೊರಗಿಂದ ಕಂಡಿದ್ದು ತೆಳ್ಳಗೆ ಹೊಳೆಯೋ ಒಂದು ಗೆರೆ, ಅಷ್ಟೇ. ಒಳಗೆ ಮಾತ್ರ ಸುತ್ತ ಹಳ್ಳ. ಹಳೇ ಸೆಟ್ಟಿಂಗ್‌ನಲ್ಲಿ ಮಾಡಿದ ಕೇಸ್‌ಗಳ ಪೈಕಿ ಅದೊಂದು ಉಳ್ಕೊಂಡಿತ್ತಂತೆ.

"ಇನ್ನೊಂದು ಸಲ ಹಾರಿಸಿದ್ರೆ?" ಅಂದೆ.

ಅವನು ಮಾತಾಡಲಿಲ್ಲ. ಕೇಸ್ ಇಸ್ಕೊಂಡು, ಇಕ್ಕಳದಲ್ಲಿ ಬಾಯಿ ಅದುಮಿ ಚಪ್ಪಟೆ ಮಾಡಿ, ಗುಜರಿ ಬಕೆಟ್‌ಗೆ ಹಾಕಿದ. ಆಮೇಲೆ ಉಳಿದ ಡಬ್ಬಿಯನ್ನೂ ನನ್ನ ಕಡೆ ಜರುಗಿಸಿದ. ನಲವತ್ತೋ ಐವತ್ತೋ ಇದ್ವು. ಇಬ್ಬರೂ ಕೂತು ಪ್ರತಿಯೊಂದಕ್ಕೂ ತಂತಿ ಹಾಕಿ ನೋಡಿದ್ವಿ, ಇನ್ನೂ ಎರಡು ಸಿಕ್ವು.